ತೋಳಿನ ಅಳತೆ

ನನ್ನ ಬಟ್ಟೆ ಅಂಗಡಿಯ ಜಗುಲಿಯ ಮೇಲೆ ಗಂಗೆ ಹೊಲಿಗೆ ಮಷಿನ್ ಇಟ್ಟು ಇಪ್ಪತ್ತಮೂರು ವರ್ಷವಾಯಿತು. ಜಾಗ ನನ್ನದು, ಮಷಿನ್ ಅವಳದು, ಬಾಯಿಯೂ ಅವಳದೇ. ಸಿದ್ದಾಪುರದ ಹೆಂಗಸರು ನನ್ನಲ್ಲಿ ಬಟ್ಟೆ ಕೊಂಡು ಅವಳಲ್ಲಿ ಹೊಲಿಸುತ್ತಾರೋ, ಅವಳಲ್ಲಿ ಹೊಲಿಸಲು ಬಂದವರು ಪಾಪ ಎಂದು ನನ್ನಲ್ಲಿ ಬಟ್ಟೆ ಕೊಳ್ಳುತ್ತಾರೋ ಎಂಬ ವಿಷಯದಲ್ಲಿ ನಮ್ಮಿಬ್ಬರಿಗೆ ಇನ್ನೂ ಒಮ್ಮತವಾಗಿಲ್ಲ.

ಕೋಲಸಿರ್ಸಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಐವತ್ತನಾಲ್ಕು ವರ್ಷ, ಗಿಡ್ಡ ಆಳು, ದಪ್ಪ ಕನ್ನಡಕ, ಕೊರಳಲ್ಲಿ ಕರಿಮಣಿಯ ಪಕ್ಕ ಸದಾ ನೇತಾಡುವ ಅಳತೆ ಟೇಪು. ಗಂಡ ರಾಘು ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ಕೂಲಿ, ಮಾತು ಕಡಿಮೆ. ಇಬ್ಬರ ಪಾಲಿನದೂ ಇವಳೇ ಆಡುತ್ತಾಳೆ. ಮಕ್ಕಳಾಗಲಿಲ್ಲ. ಓದಿದ್ದು ನಾಲ್ಕನೇ ಇಯತ್ತೆ. ಹೊಲಿಗೆ ಕಲಿತದ್ದು ಶಿರಸಿಯಲ್ಲಿ, ಚಾಂದ್ ಪಾಷಾ ಎಂಬ ಮುದುಕ ದರ್ಜಿಯ ಮಷಿನ್ ಪಕ್ಕ ಆರು ತಿಂಗಳು ಕೂತು. ಆತ ಒಂದು ನಿಯಮ ಹಾಕಿಕೊಟ್ಟಿದ್ದನಂತೆ: ಹಳೆಯ ಅಳತೆ ನೋಡಿ ಬಟ್ಟೆ ಕತ್ತರಿಸಬಾರದು. ನಿನ್ನೆ ಅಳೆದವಳನ್ನೂ ಇವತ್ತು ಮತ್ತೆ ನಿಲ್ಲಿಸಿ ಅಳೆಯಬೇಕು.

ಅಳತೆ ತೆಗೆಯುವ ಕ್ರಮವೂ ನಮ್ಮಲ್ಲಿ ಹೀಗೇ ನಡೆದು ಬಂದಿದೆ. ಅಂಗಡಿಯ ಹಿಂಬದಿಯಲ್ಲಿ ಒಂದು ಪರದೆ. ಪರದೆಯ ಹಿಂದೆ ಗಂಗೆ ಮತ್ತು ಗಿರಾಕಿ. ಗಲ್ಲಾದಲ್ಲಿ ಕೂತ ನನ್ನ ಮುಂದೆ ಅಳತೆ ಪುಸ್ತಕ. ಅವಳು ಒಳಗಿನಿಂದ ಕೂಗುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. “ಭುಜ ಹದಿನಾಕು. ತೋಳು ಹನ್ನೊಂದು. ಎದೆ ಮೂವತ್ತೆರಡು.” ಒಬ್ಬ ಗಂಡಸು ಊರಿನ ಅರ್ಧ ಹೆಂಗಸರ ಅಳತೆ ಬರೆದಿಟ್ಟುಕೊಂಡು ಮರ್ಯಾದೆಯಿಂದ ಬದುಕಿರುವುದು ಸಣ್ಣ ಸಾಧನೆಯಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಬೆನ್ನು ತಟ್ಟುತ್ತಾಳೋ, ಎಚ್ಚರಿಸುತ್ತಾಳೋ ಗೊತ್ತಿಲ್ಲ.

ಜೂನ್ ಬಂತೆಂದರೆ ಕಾಲೇಜು ಹುಡುಗಿಯರ ಸಾಲು. ತಿಳಿನೀಲಿ ಟಾಪು, ಕಡುನೀಲಿ ಪ್ಯಾಂಟು. ಗಂಗೆ ಒಬ್ಬೊಬ್ಬರನ್ನೇ ಒಳಗೆ ಕರೆದು ಬೈದು ಕಳಿಸುತ್ತಾಳೆ.

“ಬೆನ್ನು ನೇರ ಮಾಡೆ. ಪುಸ್ತಕ ಓದ್ತಿಯನಾ, ಗದ್ದೆ ನಟ್ಟಿ ಮಾಡ್ತಿಯನಾ?”

“ಗಂಗಕ್ಕ, ಸೊಂಟ ಸ್ವಲ್ಪ ಬಿಗಿ ಇರ್ಲಿ.”

“ಬಿಗಿ ಬೇಕಾ? ಕೂತಾಗ ಹರೀತದೆ. ಹರಿದದ್ದು ಹೊಲಿಸುಕೆ ಬಂದಾಗ ನಿನ್ ಹೆಸರು ಕೂಗಿ ಕೇಳ್ತೆ, ಇಡೀ ಪೇಟೆಗೆ ಕೇಳೂ ಹಂಗೆ.”

ಹುಡುಗಿಯರು ನಗುತ್ತಾರೆ. ಅವಳ ಹತ್ತಿರ ಬೈಸಿಕೊಳ್ಳದೆ ಹೋದವರಿಗೆ ಬಟ್ಟೆ ಸರಿಯಾಗಿ ಕೂರುವುದಿಲ್ಲ ಎಂದು ಅವರ ನಂಬಿಕೆ.

ಐದು ವರ್ಷದ ಹಿಂದೆ ಆ ಸಾಲಿನಲ್ಲಿ ನಿಲ್ಲದೆ ಸಮವಸ್ತ್ರ ಹೊಲಿಸಿಕೊಂಡವಳು ಒಬ್ಬಳೇ, ಸೌಮ್ಯ. ಗಂಗೆಯ ತಂಗಿ ಮಂಜಿಯ ಮಗಳು. ಊರು ಯಲ್ಲಾಪುರದ ಕಡೆಯ ಇಡಗುಂದಿ. ಪಿಯುಸಿಗೆಂದು ದೊಡ್ಡಮ್ಮನ ಮನೆಗೆ ಬಂದು ಕೋಲಸಿರ್ಸಿಯಲ್ಲಿ ಇದ್ದಳು. ಬೆಳಿಗ್ಗೆ ದೊಡ್ಡಮ್ಮನ ಜೊತೆಗೇ ಬಸ್ಸಿಳಿದು ಕಾಲೇಜಿಗೆ ಹೋಗುವುದು, ಸಂಜೆ ಬಂದು ಜಗುಲಿಯ ಮೆಟ್ಟಿಲ ಮೇಲೆ ಕೂತು ಗುಂಡಿಗಳಿಗೆ ಕಾಜಾ ಹಾಕುವುದು. ಕಣ್ಣು ಚುರುಕು. ನಾನು ಮೀಟರ್ ಕೋಲಿನಲ್ಲಿ ಬಟ್ಟೆ ಅಳೆಯುವಾಗ ಬೆರಳು ಎಲ್ಲಿಡುತ್ತೇನೆಂದು ನೋಡಿ ಒಮ್ಮೆ ನಕ್ಕಿದ್ದಳು. ಅಂದಿನಿಂದ ಅವಳೆದುರು ಬೆರಳು ಸರಿಯಾಗಿ ಇಡುತ್ತಿದ್ದೆ.

ಚಾಂದ್ ಪಾಷಾ ಹೇಳಿಕೊಟ್ಟ ನಿಯಮವನ್ನು ಗಂಗೆ ಊರವರೆಲ್ಲರಿಗೂ ಪಾಲಿಸಿದಳು. ಮನೆಯ ಹುಡುಗಿಗೆ ಪಾಲಿಸಲಿಲ್ಲ. ಮನೆಯವಳೇ ಅಲ್ಲವೇ, ಅವಳನ್ನು ಪರದೆ ಹಿಂದೆ ನಿಲ್ಲಿಸುವುದೇನು? ಒಂದು ಹಳೆಯ ಟಾಪನ್ನು ಮೇಜಿನ ಮೇಲೆ ಹರಡಿ, ಅದರ ಮೇಲೇ ಬಟ್ಟೆ ಇಟ್ಟು ಕತ್ತರಿಸುತ್ತಿದ್ದಳು. ಜೂನಿನಲ್ಲಿ ನಾನು ಪುಸ್ತಕದಲ್ಲಿ ಬರೆದದ್ದು, ಸೌಮ್ಯ, ತೋಳು ಹನ್ನೊಂದು. ದಸರಾ ರಜೆ ಮುಗಿದ ಮೇಲೆ ಬರೆದದ್ದು, ಸೌಮ್ಯ, ಹಳೆಯದಕ್ಕಿಂತ ಐದು ಇಂಚು ಹೆಚ್ಚು, ಹದಿನಾರು. ಜನವರಿಯಲ್ಲಿ, ಸೌಮ್ಯ, ಪೂರ್ಣ ತೋಳು, ಇಪ್ಪತ್ತೊಂದು.

“ಬಿಸಿಲಿಗೆ ಕೈ ಕಪ್ಪಾಗ್ತದೆ ದೊಡ್ಡಮ್ಮ” ಎಂದಿದ್ದಳಂತೆ.

ಪೂರ್ಣ ತೋಳಿಗೆ ಅರ್ಧ ಮೀಟರು ಬಟ್ಟೆ ಹೆಚ್ಚು ಬೇಕು. ಬಟ್ಟೆಯ ತಾನಿನಿಂದ ಕತ್ತರಿಸಿ ಕೊಡುತ್ತ ನಾನೇ ಹೇಳಿದೆ, “ನೋಡು ಗಂಗಕ್ಕ, ಉಳಿದ ಹುಡುಗಿಯರು ತೋಳೇ ಬೇಡ ಅಂತ ಬರ್ತಾರೆ. ನಿನ್ನ ಮನೆ ಹುಡುಗಿ ಮಣಿಕಟ್ಟಿನ ತನಕ ಮುಚ್ಚಿಕೊಳ್ತಾಳೆ. ಸಂಸ್ಕಾರ ಅಂದ್ರೆ ಇದು.” ಗಂಗೆಯ ಮುಖ ಅರಳಿತ್ತು. ಮುಂದಿನ ವಾರವೆಲ್ಲ ಬಂದ ಹುಡುಗಿಯರಿಗೆ ಸೌಮ್ಯಳ ತೋಳನ್ನು ತೋರಿಸಿ ಬುದ್ಧಿ ಹೇಳಿದಳು. ಸೌಮ್ಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕಾಜಾ ಹಾಕುತ್ತಿದ್ದಳು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ, ಪ್ರಾಕ್ಟಿಕಲ್ ಪರೀಕ್ಷೆ ಮುಗಿಸಿ ಬರಬೇಕಾದವಳು ಅರ್ಧ ಕಟ್ಟಿದ ಒಂದು ಕಟ್ಟಡದ ಮೆಟ್ಟಿಲ ಬುಡದಲ್ಲಿ ಸಿಕ್ಕಿದಳು. ತಲೆಗೆ ಪೆಟ್ಟು. ಜೊತೆಗಿದ್ದ ಹುಡುಗನೇ ಆಟೊ ಕರೆದಿದ್ದ, ಅವನೇ ಅತ್ತಿದ್ದ, “ಜಾರಿ ಬಿದ್ದಳು” ಎಂದು ಅವನೇ ಎಲ್ಲರಿಗೂ ಹೇಳಿದ್ದ. ಒಳ್ಳೆ ಮನೆಯ ಹುಡುಗ. ಅವರ ಮನೆಯ ಮದುವೆ ಜವಳಿಯನ್ನು ನಾನೇ ಕೊಟ್ಟಿದ್ದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಲೈನ್ ಹಾಕಲು ನರ್ಸು ಕತ್ತರಿ ತೆಗೆದುಕೊಂಡು ತೋಳನ್ನು ಉದ್ದಕ್ಕೂ ಸೀಳಿದಳು. ಗಂಗೆ ಮಂಚದ ಪಕ್ಕದಲ್ಲೇ ಇದ್ದಳು. ತಾನು ಹೊಲಿದ ಹೊಲಿಗೆ ಬಿಚ್ಚಿಕೊಂಡ ಹಾಗೆ ಒಳಗಿನದು ಕಂಡಿತು. ಮೊಣಕೈ ಮೇಲೆ ಹಳದಿಯಾದದ್ದು, ಕೆಳಗೆ ಹಸಿರು, ಮಣಿಕಟ್ಟಿನ ಹತ್ತಿರ ಇನ್ನೂ ನೀಲಿ. ಸಣ್ಣ ದುಂಡನೆಯ ಸುಟ್ಟ ಗುರುತು ಮೂರು. ಒಂದೇ ದಿನದ್ದಲ್ಲ, ಒಂದೇ ತಿಂಗಳದ್ದೂ ಅಲ್ಲ.

ಒಂಬತ್ತು ದಿನ ಇದ್ದಳು.

ಆಮೇಲೆ ಗೆಳತಿಯರು ಒಬ್ಬೊಬ್ಬರೇ ಬಾಯಿಬಿಟ್ಟರು. ಹುಡುಗ ಫೋನು ಕೊಡಿಸಿದ್ದ. ಎಲ್ಲಿ ಕೂತಿದ್ದಾಳೆ, ಯಾರ ಪಕ್ಕ ಎಂದು ಗಂಟೆಗೊಮ್ಮೆ ಫೋಟೊ ಕಳಿಸಬೇಕಿತ್ತು. ಕಳಿಸುವುದು ತಡವಾದರೆ ಸಂಜೆ ಅದರ ವಿಚಾರಣೆ. ಸಾಕು, ಬಿಡುತ್ತೇನೆ ಎಂದು ಅವಳು ಹೇಳಲು ಹೋದದ್ದು ಆ ದಿನವೇ. ಇಷ್ಟೆಲ್ಲ ಗೊತ್ತಿದ್ದ ನಾಲ್ಕು ಹುಡುಗಿಯರು ನಾಲ್ಕು ತಿಂಗಳು ಸುಮ್ಮನಿದ್ದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಮೂರು ಸಾಲು ನನ್ನ ಅಕ್ಷರದಲ್ಲೇ ಪುಸ್ತಕದಲ್ಲಿತ್ತು: ಹನ್ನೊಂದು, ಹದಿನಾರು, ಇಪ್ಪತ್ತೊಂದು. ಬಟ್ಟೆಯ ಅಂಚು ಮುಟ್ಟಿ ಬಣ್ಣ ಹೋಗುತ್ತದೋ ಇಲ್ಲವೋ ಹೇಳುವ ವ್ಯಾಪಾರಿಗೆ ಅದು ಓದಲು ಬರಲಿಲ್ಲ.

ಮಂಜಿಯ ಗಂಡ ದೂರು ಕೊಡಲು ಒಪ್ಪಲಿಲ್ಲ. “ಸತ್ತವಳ ಹೆಸರು ಬೀದಿಗೆ ಎಂತಕ್ಕೆ?” ಎಂದ. ಜಾರಿ ಬಿದ್ದದ್ದು ಎಂದು ಮನೆಯವರೇ ಬರೆದುಕೊಟ್ಟರು. ಮಂಜಿ ಹೆಬ್ಬೆಟ್ಟು ಒತ್ತಿದಳು.

ಒಂದು ತಿಂಗಳು ಮಷಿನ್ ಮುಚ್ಚಿಯೇ ಇತ್ತು. ಗಂಗೆ ಬಂದ ದಿನ ಮೊದಲು ಚೀಲದಿಂದ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಪೊಟ್ಟಣ ತೆಗೆದಳು. ಅದರಲ್ಲಿದ್ದ ಸೀಳಿದ ತೋಳನ್ನು ಮಡಚಿ ಮಷಿನಿನ ಡ್ರಾವರಿನಲ್ಲಿ, ಬಾಬಿನ್ನುಗಳ ಕೆಳಗೆ ಇಟ್ಟಳು. ಆಮೇಲೆ ಗಲ್ಲಾಕ್ಕೆ ಬಂದು, “ಶಾನಭಾಗ್ರೆ, ಇನ್ಮೇಲೆ ಯಾವ ಹುಡುಗಿ ತೋಳು ಉದ್ದ ಮಾಡಿ ಅಂದ್ರೂ ನನ್ ಕೇಳ್ದೆ ಬಟ್ಟೆ ಹರೀಬೇಡಿ” ಎಂದಳು.

“ಅರ್ಧ ಮೀಟರು ನಷ್ಟ” ಎಂದೆ. ನಗಿಸಲು ನೋಡಿದ್ದು. ಅವಳು ನಗಲಿಲ್ಲ. ನಾನೂ ಮತ್ತೆ ಹಾಗೆ ಹೇಳಲಿಲ್ಲ.

ಅಂದಿನಿಂದ ಪರದೆಯ ಹಿಂದೆ ಅಳತೆಯ ಜೊತೆ ಪ್ರಶ್ನೆಗಳೂ ಬಂದವು. ಬೈಗುಳದ ನಡುವೆಯೇ ಸೇರಿಸಿ ಕೇಳುತ್ತಿದ್ದಳು, ಉತ್ತರ ಬರುವ ತನಕ ಟೇಪು ತೆಗೆಯುತ್ತಿರಲಿಲ್ಲ. “ನಿನ್ ಫೋನ್ ನೀನೇ ನೋಡ್ತಿಯಾ, ಬೇರೆಯವ್ರೂ ನೋಡ್ತ್ರಾ? ಯಾರ ಹತ್ರ ಮಾತಾಡ್ಬೇಕು ಅಂತ ಯಾರಾದ್ರೂ ಹೇಳ್ತ್ರಾ? ಯಾರಿಗಾದ್ರೂ ಹೆದ್ರಿ ಬಸ್ಸು ತಪ್ಪಿಸ್ಕಂಡಿದ್ಯಾ?” ಕೆಲವರು ಕಿಸಕ್ಕನೆ ನಗುತ್ತಿದ್ದರು. ಕೆಲವು ತಾಯಂದಿರಿಗೆ ಸಿಟ್ಟು ಬಂತು. “ನಿಮ್ಮ ದರ್ಜಿ ಅಳತೆ ತೆಗೀತಾಳೋ, ತನಿಖೆ ಮಾಡ್ತಾಳೋ? ನಮ್ಮ ಹುಡುಗಿಗೆ ಇಲ್ಲದ್ದು ತಲೆಗೆ ತುಂಬಬೇಡಿ” ಎಂದು ನನ್ನಲ್ಲಿ ಹೇಳಿ ಬೇರೆ ಕಡೆ ಹೋದರು. ಮೂರು ವರ್ಷ ಬಿಸಿಲಿನ ಕಪ್ಪು, ಸೈಕಲ್ಲಿನಿಂದ ಬಿದ್ದ ತರಚು, ಬೆಕ್ಕು ಪರಚಿದ್ದು ಬಿಟ್ಟರೆ ಅವಳಿಗೆ ಏನೂ ಸಿಗಲಿಲ್ಲ. “ಡಾಕ್ಟರಮ್ಮ, ಇವತ್ತು ಎಷ್ಟು ಪೇಶಂಟು?” ಎಂದು ನಾನು ಕಾಡುತ್ತಿದ್ದೆ.

ಕಳೆದ ವರ್ಷದ ಹಿಂದಿನ ವರ್ಷದ ನವೆಂಬರಿನಲ್ಲಿ ಸಮೃದ್ಧಿ ಬಂದಳು. ಹೇರೂರಿನವಳು, ಎರಡನೇ ಪಿಯುಸಿ, ಹದಿನೇಳು ವರ್ಷ. ಜೂನಿನಲ್ಲಿ ಹೊಲಿಸಿಕೊಂಡ ಟಾಪು ಕೈಯಲ್ಲಿತ್ತು.

“ಗಂಗಕ್ಕ, ಇದಕ್ಕೆ ತೋಳು ಉದ್ದ ಮಾಡಿ ಕೊಡ್ತ್ರಾ?”

ಮಷಿನ್ ನಿಂತಿತು. “ಎಂತಕ್ಕೆ?”

“ಚಳಿ.”

ನನ್ನ ಫ್ಯಾನು ತಿರುಗುತ್ತಿತ್ತು. ಗಂಗೆ ಅದನ್ನೊಮ್ಮೆ ನೋಡಿ, ಹುಡುಗಿಯನ್ನೊಮ್ಮೆ ನೋಡಿ, “ಒಳಗೆ ಬಾ” ಎಂದಳು.

ನಾನು ಪುಸ್ತಕ ತೆರೆದೆ. “ಭುಜ ಹದಿಮೂರೂವರೆ” ಎಂದಿತು ಪರದೆ. ಆಮೇಲೆ ಸದ್ದಿಲ್ಲ.

“ತೋಳು?” ಎಂದೆ.

ಪೆನ್ನು ಹಿಡಿದೇ ಮತ್ತೆ ಕೇಳಿದೆ.

“ಗಂಗಕ್ಕ, ತೋಳು ಎಷ್ಟು ಬರೀಲಿ?”

“ಬರೀಬೇಡಿ.” ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ.

ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಕದ್ದು ಕೇಳಿದೆ ಎಂದು ಬೇಕಾದರೆ ಅನ್ನಿ. ಪರದೆ ತೆಳು ಬಟ್ಟೆಯದು, ದುಡ್ಡು ಉಳಿಸಲು ನಾನೇ ಹಾಕಿದ್ದು.

“ಯಾರು ಮಾಡಿದ್ದು?”

“ಬಿದ್ದೆ ಅಕ್ಕ.”

“ಬಿದ್ರೆ ನಾಕು ಬೆರಳು ಒಂದು ಬದಿ, ಹೆಬ್ಬೆರಳು ಮತ್ತೊಂದು ಬದಿ ಮೂಡ್ತದನೆ? ನೆಲಕ್ಕೆ ಕೈ ಇರ್ತದಾ?”

ಅಳು. ಬಹಳ ಹೊತ್ತು ಅಳು.

“ಅವ ಒಳ್ಳೆಯವ ಅಕ್ಕ. ಸಿಟ್ಟು ಬಂದಾಗ ಮಾತ್ರ. ನಾ ಬೇರೆಯವ್ರ ಜೊತೆ ಮಾತಾಡಿದ್ರೆ ಅವಂಗೆ ತಡ್ಕಳ್ಳುಕೆ ಆಗುದಿಲ್ಲ. ಆಮೇಲೆ ಅವನೇ ಅಳ್ತ. ಕೈ ಹಿಡ್ಕಂಡು ಅಳ್ತ.”

“ನೋವಾದ ಕೈ ಯಾರದ್ದೆ?”

ಮೂಗು ಒರೆಸಿಕೊಂಡ ಸದ್ದು.

“ಬಿಟ್ಬಿಡು ಅವನ್ನ.”

“ಫೋಟೊ ಅವನ ಹತ್ರ ಅವೆ. ಬಿಟ್ರೆ ಎಲ್ಲರಿಗೂ ಕಳಿಸ್ತೆ ಅಂದಿದ್ದ. ಮನೆಗೆ ಹೇಳ್ಬೇಡಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೆ. ಅಪ್ಪಂಗೆ ಗೊತ್ತಾದ್ರೆ ನಾಳೆನೇ ಕಾಲೇಜು ಬಿಡಿಸ್ತ್ರು. ಮದುವೆಗೆ ಎರಡು ಕಡೆಯಿಂದ ಕೇಳ್ತಾ ಇದ್ರು ಆಗಲೇ. ಹದಿನೆಂಟು ತುಂಬುಕೆ ಕಾಯ್ತಾ ಇದ್ರು ಅಷ್ಟೆ.”

ಹುಡುಗನ ಹೆಸರು ಸಂದೇಶ. ಹತ್ತೊಂಬತ್ತು ವರ್ಷ. ಅಪ್ಪನಿಗೆ ಎರಡು ಲಾರಿ. ದೀಪಾವಳಿಗೆ ಇಡೀ ಮನೆಗೆ ನನ್ನಲ್ಲೇ ಬಟ್ಟೆ.

ಹುಡುಗಿ ಹೋದ ಮೇಲೆ ಗಂಗೆ ಮಷಿನ್ ಮುಂದೆ ಕೂತು ಲೆಕ್ಕ ಹಾಕಿದಳು. ಮನೆಗೆ ಹೇಳಿದರೆ ಓದು ಹೋಯಿತು. ಹೇಳದಿದ್ದರೆ ಹುಡುಗಿಯೇ ಹೋದಾಳು. ಕೊನೆಗೆ ತನಗೆ ತೋಚಿದ್ದನ್ನು ಮಾಡಿದಳು. ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಲ್ಲುವುದು, ಸಮೃದ್ಧಿಯನ್ನು ಜಗುಲಿಗೆ ಕರೆತಂದು ಕೂರಿಸಿಕೊಳ್ಳುವುದು, ಹೇರೂರಿನ ಬಸ್ಸು ಬಂದಾಗ ಹತ್ತಿಸುವುದು. ದಿನಕ್ಕೆ ಒಂದೂವರೆ ಗಂಟೆ ಕೆಲಸ ಕೆಟ್ಟಿತು. ಹುಡುಗಿ ಒಂದು ವಾರ ಬಂದಳು. ತಾಯಿಗಾದರೂ ಹೇಳಲು ಒಪ್ಪಿಸುತ್ತೇನೆ, ಸ್ವಲ್ಪ ಸಮಯ ಬೇಕು ಎಂದು ಗಂಗೆ ನನ್ನ ಹತ್ತಿರ ಹೇಳಿದಳು.

ನನಗೆ ಅಷ್ಟು ಸಮಯ ಬೇಕಿರಲಿಲ್ಲ. ನಲವತ್ತು ವರ್ಷ ಎರಡು ಕಡೆಯವರನ್ನೂ ಕೂರಿಸಿ ದರ ಮುಗಿಸಿದವನು ನಾನು. ಇಷ್ಟು ಸಣ್ಣ ಹುಡುಗನನ್ನು ಮುಗಿಸಲಾರೆನೇ? ಗಂಗೆ ಕಾಲೇಜಿನ ಗೇಟಿಗೆ ಹೋದ ಹೊತ್ತು ನೋಡಿ ಸಂದೇಶನನ್ನು ಕರೆಸಿದೆ. ಚಾ ತರಿಸಿದೆ. ಸಿಟ್ಟು ಮಾಡಲಿಲ್ಲ, ಗಿರಾಕಿಯ ಮಗ.

“ಏನಪ್ಪ, ಪ್ರೀತಿ ಮಾಡು, ಬೇಡ ಅನ್ನಲಿಲ್ಲ. ಕೈ ಎತ್ತಬಾರದು. ಆ ಹುಡುಗಿ ಇಲ್ಲಿ ಬಂದು ಅತ್ತದ್ದು ನೋಡೋದಕ್ಕೆ ಆಗಲಿಲ್ಲ.”

ಅವನ ಕಣ್ಣಲ್ಲಿ ನೀರು ಬಂತು. “ತಪ್ಪಾಯ್ತು ಮಾಮ. ಇನ್ನು ಆಗುದಿಲ್ಲ. ದೇವರಾಣೆ” ಎಂದು ನನ್ನ ಕಾಲು ಮುಟ್ಟಿದ. ಎದ್ದು ಹೋಗುವ ಮೊದಲು ಅವಳಿಗೆಂದು ಒಂದು ದುಪಟ್ಟಾ ಆರಿಸಿದ, ಗುಲಾಬಿ ಬಣ್ಣದ್ದು. ನಾನು ಹತ್ತು ಶೇಕಡಾ ಬಿಟ್ಟುಕೊಟ್ಟೆ. ಒಂದೇ ಚಾದಲ್ಲಿ ಎರಡು ವ್ಯಾಪಾರ ಮುಗಿಸಿದೆ ಎಂದು ಅವತ್ತು ಊಟ ರುಚಿಸಿತು.

ಮರುದಿನ ಸಮೃದ್ಧಿ ಕಾಲೇಜಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಂಗಳವಾರ ಬಂದಳು. ಬಲಗೈಗೆ ಗುಲಾಬಿ ದುಪಟ್ಟಾ ಸುತ್ತಿಕೊಂಡಿದ್ದಳು. ಗಂಗೆ ಬಿಚ್ಚಿದಳು. ಕಿರುಬೆರಳು ಮತ್ತು ಅದರ ಪಕ್ಕದ್ದು ಊದಿ ಕಪ್ಪಾಗಿ ಬೇರೆಯೇ ದಿಕ್ಕಿಗೆ ತಿರುಗಿದ್ದವು.

“ಪೇಟೆಯವ್ರ ಹತ್ರೆಲ್ಲ ಹೇಳ್ತ್ಯಾ ಅಂದ” ಎಂದಳು ಹುಡುಗಿ. “ಇದೇ ಬೆರಳಲ್ಲಿ ಅಲ್ದಾ ಮೆಸೇಜು ಮಾಡುದು ಅಂದ.” ಆಮೇಲೆ ನನ್ನ ಕಡೆ ನೋಡಿದಳು. “ಮಾಮ, ನೀವು ಎಂತಕ್ಕೆ ಹೇಳಿದ್ರಿ?”

ಗಂಗೆ ನನ್ನ ಕಡೆ ತಿರುಗಿದಳು. ಇಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಬೈಯದೆ ಇದ್ದದ್ದು ಆ ಒಂದು ಗಳಿಗೆ.

“ನೀವು ಅವನ ಹತ್ರ ಮಾತಾಡಿದ್ರಿ” ಎಂದಳು. “ಇವಳನ್ನ ಕೇಳಿದ್ರಾ?”

ಕೇಳಿರಲಿಲ್ಲ. ಮಾತುಕತೆಗೆ ಅವಳು ಬೇಕೆಂದು ಹೊಳೆದಿರಲೇ ಇಲ್ಲ. ಮಾಲನ್ನು ಯಾರಾದರೂ ಕೇಳುತ್ತಾರೆಯೇ?

ಗಂಗೆ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ದಳು. ನನಗೆ ಒಂದೇ ಕೆಲಸ ಕೊಟ್ಟಳು: ಸಮೃದ್ಧಿಯ ತಾಯಿ ಸಾವಿತ್ರವ್ವನಿಗೆ ಫೋನು ಮಾಡಿ, ರವಿಕೆ ತಯಾರಾಗಿದೆ, ಒಬ್ಬರೇ ಬಂದು ಒಯ್ಯಿರಿ ಎನ್ನಬೇಕು. ಬೇರೆ ಒಂದು ಮಾತೂ ಆಡಬಾರದು. ಈ ಸಲ ಹೇಳಿದಷ್ಟೇ ಮಾಡಿದೆ.

ಸಾವಿತ್ರವ್ವ ಬರುವ ಹೊತ್ತಿಗೆ ಸಮೃದ್ಧಿ ಪಟ್ಟಿ ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಳು. ಗಂಗೆ ತಾಯಿಯನ್ನು ಮೊದಲು ಮಷಿನ್ ಹತ್ತಿರ ಕೂರಿಸಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಸಾವಿತ್ರವ್ವನ ಮುಖ ಬಿಳಿಚಿಕೊಂಡಿತು. “ಅಯ್ಯೋ, ಮರ್ಯಾದೆ ತೆಗೆದ್ಲಲ್ಲ! ಎಷ್ಟು ಜನಕ್ಕೆ ಗೊತ್ತು ಗಂಗಕ್ಕ? ಇವರಿಗೆ ಗೊತ್ತಾದ್ರೆ ಕಡಿದು ಹಾಕ್ತ್ರು.”

“ಯಾರನ್ನ? ಆ ಹುಡುಗನ್ನನಾ?”

ಸಾವಿತ್ರವ್ವ ಪರದೆಯ ಕಡೆ ಕಣ್ಣು ಹೊರಳಿಸಿದಳು. “ಇವಳನ್ನ.”

ಗಂಗೆ ಡ್ರಾವರು ಎಳೆದಳು. ಬಾಬಿನ್ನುಗಳನ್ನು ಬದಿಗೆ ಸರಿಸಿ, ತಿಳಿನೀಲಿ ತೋಳನ್ನು ತೆಗೆದು ತಾಯಿಯ ಮಡಿಲಲ್ಲಿ ಹಾಸಿದಳು. ಉದ್ದಕ್ಕೂ ಕತ್ತರಿಸಿದ ಸೀಳು, ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ ಕಲೆ.

“ಇದು ನನ್ ತಂಗಿ ಮಗಳದ್ದು. ನಾನೇ ಹೊಲ್ದದ್ದು. ಇಪ್ಪತ್ತೊಂದು ಇಂಚು. ಮೈ ಮುಚ್ಚುವ ಹುಡುಗಿ ಅಂತ ಊರಿಗೆಲ್ಲ ತೋರಿಸ್ದೆ. ಎಂತಕ್ಕೆ ಮುಚ್ತಾಳೆ ಅಂತ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ಲೋ ಏನೋ. ಮರ್ಯಾದೆ ಪೂರ್ತಿ ಉಳೀತು ಸಾವಿತ್ರವ್ವ, ಒಂದು ಇಂಚೂ ಹೋಗಲಿಲ್ಲ.”

ಸಾವಿತ್ರವ್ವ ಆ ಬಟ್ಟೆಯನ್ನು ಮುಟ್ಟಲೂ ಇಲ್ಲ, ಕೆಳಗೆ ಹಾಕಲೂ ಇಲ್ಲ.

“ಒಳಗೆ ಹೋಗಿ” ಎಂದಳು ಗಂಗೆ. “ಎಂತ ಮಾಡ್ಕಂಡೆ ಅಂತ ಕೇಳ್ಬೇಡಿ. ಅದು ಆಮೇಲೆ. ಬೇರೆ ಎಂತಾದ್ರೂ ಕೇಳಿ.”

ಪರದೆ ಸರಿಯಿತು. ನಾನು ಪುಸ್ತಕದ ಖಾಲಿ ಪುಟ ನೋಡುತ್ತ ಕೂತೆ. ಒಳಗಿನಿಂದ ತಾಯಿಯ ದನಿ ಬಂತು.

“ನೋಯ್ತದನೆ?”

“ಹ್ಞೂಂ ಅಬ್ಬೆ.”

ಅಲ್ಲಿಂದಲೇ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಒಂದು ಸೊನ್ನೆ ಒಂಬತ್ತು ಎಂಟು. ಆ ಅಂಕೆಗಳನ್ನು ಗಂಗೆ ಪರದೆಯ ಒಳಬದಿಯಲ್ಲಿ ಕೆಂಪು ದಾರದಿಂದ ಹೊಲಿದಿದ್ದಾಳೆಂದು ನನಗೆ ಅವತ್ತು ತಿಳಿಯಿತು. ಹೊರಗಿನಿಂದ ಕಾಣುವುದಿಲ್ಲ. ಮೂರು ವರ್ಷದಿಂದ ಇತ್ತಂತೆ. ಸಂಜೆಯೊಳಗೆ ಮೂವರೂ ಠಾಣೆಗೆ ಹೋದರು. ನಾಲ್ಕನೆಯವನಾಗಿ ನಾನೂ ಹೋಗಿ, ನಾನು ಅವನಿಗೆ ಏನು ಹೇಳಿದೆ, ಅವನು ಏನು ಒಪ್ಪಿಕೊಂಡ, ಯಾವ ಬಣ್ಣದ ದುಪಟ್ಟಾ ಕೊಂಡ ಎಂದು ಬರೆಸಿ ಸಹಿ ಹಾಕಿದೆ. ಸಾಕ್ಷಿ ಹೇಳುವ ವ್ಯಾಪಾರಿಯ ಅಂಗಡಿಗೆ ಜನ ಬರುವುದು ಕಡಿಮೆ ಎಂದು ನನಗೆ ಗೊತ್ತಿತ್ತು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಅದು ನನ್ನ ಮೀಟರ್ ಕೋಲಿನ ಲೆಕ್ಕವಾದೀತು. ಹುಡುಗನನ್ನು ಹಿಡಿದರು, ಫೋನು ಕಸಿದುಕೊಂಡರು. ಅಷ್ಟರಲ್ಲಿ ಎರಡು ಫೋಟೊ ಹೊರಗೆ ಹೋಗಿದ್ದವು. ಯಾರು ಯಾರಿಗೆ ಕಳಿಸಿದರೋ, ಕಾಲೇಜಿನಲ್ಲಿ ಹುಡುಗಿ ನಡೆದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಅಪ್ಪ ಕಡಿದು ಹಾಕಲಿಲ್ಲ, ಮಾತು ಬಿಟ್ಟ. ಇವತ್ತಿಗೂ ಆಡಿಲ್ಲ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನಂತೆ. ಕಾಲೇಜು ಬಿಡಿಸಲು ಹೊರಟಾಗ ಸಾವಿತ್ರವ್ವ ಮಗಳ ಚೀಲ ಹೆಗಲಿಗೆ ಹಾಕಿಕೊಂಡು ತಾನೇ ಬಸ್ಸು ಹತ್ತಿದಳು. ಪರೀಕ್ಷೆಯ ತನಕ ಪ್ರತಿದಿನ ಬಂದಳು. ಮಗಳು ತರಗತಿಯಲ್ಲಿ, ಇವಳು ನನ್ನ ಜಗುಲಿಯಲ್ಲಿ.

ಬಲಗೈಯ ಆ ಎರಡು ಬೆರಳು ನೆಟ್ಟಗಾಗಲಿಲ್ಲ. ಪರೀಕ್ಷೆಯಲ್ಲಿ ಸಮೃದ್ಧಿ ಉತ್ತರ ಹೇಳಿದಳು, ಬೇರೆಯವರು ಬರೆದರು. ಶೇಕಡಾ ಅರವತ್ತೊಂದು. ಮೊದಲು ತೊಂಬತ್ತರ ಹುಡುಗಿ.

ಸಂದೇಶ ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ. ಕೇಸು ನಡೆಯುತ್ತಿದೆ, ನಮ್ಮ ಕೇಸುಗಳು ನಡೆಯುವ ಹಾಗೆ. ಅವನ ಅಪ್ಪ ಈ ದೀಪಾವಳಿಗೆ ಎದುರಿನ ಅಂಗಡಿಯಲ್ಲಿ ಬಟ್ಟೆ ಕೊಂಡ, ನನಗೆ ಕಾಣುವ ಹಾಗೆ ಒಂದೊಂದೇ ಬಿಡಿಸಿ ನೋಡಿ. ಹುಡುಗ ಬೈಕಿನಲ್ಲಿ ಹೋಗುವಾಗ ನಮ್ಮ ಜಗುಲಿಯ ಮುಂದೆ ನಿಧಾನ ಮಾಡುತ್ತಾನೆ. ಆ ಬೈಕಿನ ಸದ್ದು ಗಂಗೆಗೆ ಗುರುತು. ಅವಳ ಕಾಲು ಪೆಡಲಿನ ಮೇಲೆ ನಿಲ್ಲುತ್ತದೆ. ಸದ್ದು ತಿರುವು ದಾಟಿದ ಮೇಲೆ ಮತ್ತೆ ತುಳಿಯುತ್ತಾಳೆ.

ಸಿದ್ದಾಪುರದಲ್ಲಿ ಹುಡುಗಿ ಇರುವಂತಿರಲಿಲ್ಲ. ಡಿಗ್ರಿಗೆ ಯಲ್ಲಾಪುರ ಎಂದಾಯಿತು. ಇರುವುದೆಲ್ಲಿ ಎಂಬ ಮಾತು ಬಂದಾಗ ಗಂಗೆ ಇಡಗುಂದಿಗೆ ಹೋಗಿ ತಂಗಿಯ ಮುಂದೆ ಕೂತಳು. ಮಂಜಿ ಎದ್ದು, ಸೌಮ್ಯಳ ಮಂಚದ ಮೇಲೆ ಒಟ್ಟಿದ್ದ ಅಡಿಕೆ ಚೀಲಗಳನ್ನು ಹೊರಗೆ ಎಳೆದಳಂತೆ. ಮೊದಲ ವಾರ ಸಮೃದ್ಧಿಯ ಮುಖ ನೋಡದೆ ಅನ್ನ ಬಡಿಸಿದಳು. ಎರಡನೇ ವಾರ, ಹುಡುಗಿ ಹತ್ತು ನಿಮಿಷ ತಡವಾಗಿ ಬಸ್ಸಿಳಿದಳೆಂದು ರಸ್ತೆಯಲ್ಲಿ ನಿಂತು ಕಿರುಚಾಡಿದಳು. ಆಮೇಲೆ ಆ ರಸ್ತೆಯಲ್ಲೇ ಕೂತು ಅತ್ತಳು. ಜಾರಿ ಬಿದ್ದದ್ದಲ್ಲ ಎಂದು ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವತ್ತು. ಕೇಳಿದವಳು ಸಮೃದ್ಧಿ ಒಬ್ಬಳೇ.

ಈಚೆಗೆ ಸಮೃದ್ಧಿ ಊರಿಗೆ ಬಂದವಳು ಅಂಗಡಿಗೂ ಬಂದಿದ್ದಳು. ಡಿಗ್ರಿಯಲ್ಲಿ ಸಮವಸ್ತ್ರವಿಲ್ಲ, ಬೇಕಾದ್ದು ಹಾಕಬಹುದು. ಒಂದು ಗಂಟೆ ತಾನುಗಳನ್ನು ನೋಡಿದಳು. ಒಂದನ್ನು ಮುಟ್ಟುವುದು, ಹಿಂತಿರುಗಿ ನೋಡುವುದು, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಮುಟ್ಟುವುದು. ಕೊನೆಗೆ ಅರಿಶಿನ ಬಣ್ಣದ ಸಾದಾ ಬಟ್ಟೆ ಆರಿಸಿದಳು. ನಾನು ಎಷ್ಟು ಮೀಟರು ಎಂದು ಕೇಳಲಿಲ್ಲ. ತೋಳು ಗೊತ್ತಾಗದೆ ಕತ್ತರಿಸುವ ಹಾಗಿಲ್ಲ.

ಪರದೆ ಮುಚ್ಚಿತು. ನಾನು ಪುಸ್ತಕ ತೆರೆದೆ.

“ಭುಜ ಹದಿಮೂರೂವರೆ” ಎಂದಳು ಗಂಗೆ. “ತೆಳ್ಳಗಾಗಿದ್ಯಲ್ಲೆ, ಮಂಜಿ ಅನ್ನ ಹಾಕ್ತಿಲ್ಯನೆ? ತೋಳು ಎಷ್ಟಿರ್ಲಿ?”

“ನೀವೇ ಹೇಳಿ ಅಕ್ಕ.”

“ಹಾಕ್ಕಳ್ಳುದು ನಾನಾ? ನಿಂಗೆ ಎಷ್ಟು ಬೇಕು?”

ಜಗುಲಿಯ ಮುಂದೆ ಬಸ್ಸೊಂದು ಬಂದು ಜನರನ್ನು ಇಳಿಸಿ ಹೋಯಿತು.

“ಗೊತ್ತಾಗುದಿಲ್ಲ” ಎಂದಳು ಸಮೃದ್ಧಿ. “ಅವ ಹೇಳ್ತಿದ್ದ, ಉದ್ದ ಹಾಕು ಅಂತ. ಆಮೇಲೆ ಅಬ್ಬೆ ಹೇಳ್ತು. ನಂಗೆ ಎಂತ ಬೇಕು ಅಂತ ನೋಡುಕೆ ಹೋದ್ರೆ ಒಳಗೆ ಎಂತದೂ ಕಾಣುದಿಲ್ಲ ಅಕ್ಕ.”

ಗಂಗೆ ಬೈಯಲಿಲ್ಲ. ಟೇಪು ಸುತ್ತುವ ಸಣ್ಣ ಸದ್ದು ಕೇಳಿತು.

“ಇರ್ಲಿ. ಗೊತ್ತಾದಾಗ ಬಾ” ಎಂದಳು. “ಶಾನಭಾಗ್ರೆ, ತೋಳು ಬಿಟ್ಟು ಬರ್ಕಳಿ.”

ಬರೆದುಕೊಂಡೆ. ಭುಜ, ಎದೆ, ಸೊಂಟ, ಉದ್ದ ಎಲ್ಲ ಇದೆ. ತೋಳಿನ ಜಾಗ ಖಾಲಿ. ಮೂರು ತಿಂಗಳಾಯಿತು. ಅರಿಶಿನ ಬಣ್ಣದ ತಾನು ಮೇಲಿನ ಕಪಾಟಿನಲ್ಲಿದೆ. ಅವಳ ಹೆಸರಿನ ಚೀಟಿಯನ್ನು ಗಂಗೆ ಗುಂಡುಸೂಜಿಯಿಂದ ಚುಚ್ಚಿದ್ದಾಳೆ. ಮೊನ್ನೆ ಮದುವೆ ಜವಳಿಗೆ ಬಂದವರೊಬ್ಬರು ಅದೇ ಬೇಕೆಂದು ಹಟ ಹಿಡಿದರು. ಪೂರ್ತಿ ತಾನು ಕೊಡಿ, ಕೇಳಿದ ದರ ಕೊಡುತ್ತೇವೆ ಎಂದರು.

ಅದು ಕೊಟ್ಟಾಗಿದೆ ಎಂದೆ. ಜಗುಲಿಯ ಕಡೆಯಿಂದ ಮಷಿನಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.